ನಾಲ್ಕು ಬೋಲ್ಟುಗಳ ಬಾಣಂತನ

ಬಸ್ಸು ಬೆಲ್ಲದ ಬಾಗೇವಾಡಿಯಲ್ಲಿ ನಿಂತಾಗ ಲಗಮಪ್ಪ ಹೆಗಲ ಮೇಲಿನ ಟವಲನ್ನು ತಲೆಗೆ ಎಳೆದುಕೊಂಡು, ಅದರ ಚುಂಗನ್ನು ಗಲ್ಲಕ್ಕೆ ಒತ್ತಿ ಹಿಡಿದು, ಹಲ್ಲುನೋವಿನವನ ಹಾಗೆ ಕಣ್ಣು ಮುಚ್ಚಿದ. ಬಾಗೇವಾಡಿ ಬೀಗರ ಊರು. ನಾಳೆ ಮೊಮ್ಮಗಳ ತೊಟ್ಟಿಲಿಗೆ ಬರಬೇಕಾದ ಬೀಗರು ಇವತ್ತು ಇಲ್ಲೇ ಎಲ್ಲೋ ಮರದ ನೆರಳಿಗೆ ನಿಂತು ಎಲೆ ಅಡಿಕೆ ಮೆಲ್ಲುತ್ತಿದ್ದು, ಕಣ್ಣಿಗೆ ಬಿದ್ದು, 'ಏನ್ರಿ ಬೀಗರ, ಟ್ರ್ಯಾಕ್ಟರ್ ಬಿಟ್ಟು ಬಸ್ಸಿನ್ಯಾಗ?' ಎಂದು ಕೇಳಿಬಿಟ್ಟರೆ ತೋರಿಸುವುದಾದರೂ ಏನನ್ನು? ಅಂಗಿಯ ಜೇಬಿನಲ್ಲಿ ಅರ್ಧ ಇಂಚು ದಪ್ಪದ ಒಂದು ಬೋಲ್ಟು ಮಾತ್ರ ಇತ್ತು. ಅದೂ ತಪ್ಪು ಬೋಲ್ಟು. ಪಕ್ಕದಲ್ಲಿ ಕೋಳಿಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕಿ ಇವನನ್ನೇ ನೋಡುತ್ತಿದ್ದಳು.

"ಹಲ್ಲ ನೂಸಾಕತ್ತೈತೇನೋ ಯಪ್ಪಾ?"

"ಹೂಂ ಬೇ."

"ಯಾವ ಹಲ್ಲ?"

ಯಾವುದೋ ಒಂದನ್ನು ತೋರಿಸಿದ. ಮುದುಕಿ ಸಂಚಿಯಿಂದ ಲವಂಗ ತೆಗೆದುಕೊಟ್ಟು, ಅವನು ಅದನ್ನು ಕಚ್ಚುವ ತನಕ ಬಿಡಲಿಲ್ಲ. ಅದರ ಖಾರಕ್ಕೆ ಇಷ್ಟು ಹೊತ್ತು ಸುಮ್ಮನಿದ್ದ ಹಲ್ಲು ನಿಜಕ್ಕೂ ಜುಂ ಎನ್ನತೊಡಗಿತು. ಸುಳ್ಳು ಹೇಳುವುದರಲ್ಲೂ ತನಗೆ ನಸೀಬಿಲ್ಲ ಎಂದುಕೊಂಡ. ಬಸ್ಸು ಹೊರಟಿತು. ಬಾಗೇವಾಡಿ ಹಿಂದಾದ ಮೇಲೂ ಟವಲು ತೆಗೆಯುವ ಹಾಗಿರಲಿಲ್ಲ, ಮುದುಕಿ ನೋಡುತ್ತಿದ್ದಳಲ್ಲ.

ಸರಿಯಾದ ನಾಲ್ಕು ಬೋಲ್ಟುಗಳು ಎಲ್ಲಿವೆ ಎಂಬುದು ಲಗಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೇನು, ಇಡೀ ಕೌಜಲಗಿಗೆ ಗೊತ್ತಿತ್ತು. ಅವು ಅವನ ಮನೆಯಲ್ಲೇ, ನಡುಮನೆಯ ಬಾಜೂ ಕೋಣೆಯಲ್ಲಿ, ಮಗಳು ತಾಯವ್ವ ಬಾಣಂತಿಯಾಗಿ ಮಲಗಿದ್ದ ಮಂಚದ ನಾಲ್ಕು ಕಾಲುಗಳ ಕೆಳಗೆ, ಕಾಲಿಗೊಂದರಂತೆ, ಸೆಗಣಿ ಸಾರಿಸಿದ ನೆಲದಲ್ಲಿ ಅರ್ಧ ಹೂತುಕೊಂಡು ಆರಾಮಾಗಿದ್ದವು. ಕೂಸು ಹುಟ್ಟಿದ ದಿನ ಅವನ ತಾಯಿ ರಾಯವ್ವ ಬಾಣಂತಿಯ ಮಂಚಕ್ಕೆ ಕಾವಲಿಡಲು ಕಬ್ಬಿಣ ಹುಡುಕಿದಳು. ಮನೆಯಲ್ಲಿದ್ದದ್ದು ಒಂದು ಕುಡುಗೋಲು, ಒಂದು ಮುರುಕು ಕತ್ತಿ. ಮಂಚಕ್ಕೋ ನಾಲ್ಕು ಕಾಲು. ಕಣ್ಣು ಹಾಯಿಸಿದರೆ ಹಿತ್ತಲ ಕಟ್ಟೆಯ ಮೇಲೆ ಹಿತ್ತಾಳೆಯ ಬಟ್ಟಲು, ಬಟ್ಟಲಿನಲ್ಲಿ ಚಿಮಣಿ ಎಣ್ಣೆ, ಎಣ್ಣೆಯಲ್ಲಿ ಅಳೆದು ಮಾಡಿಸಿದ ಹಾಗೆ ನಾಲ್ಕು ಕಬ್ಬಿಣದ ತುಂಡು, ಒಂದೇ ಉದ್ದ, ಒಂದೇ ದಪ್ಪ. ದೇವರು ಕೊಟ್ಟದ್ದೆಂದೇ ತಿಳಿದಳು. ಅವು ಟ್ರ್ಯಾಕ್ಟರಿನ ರೇಡಿಯೇಟರನ್ನು ಮುಂದಿನ ಚೌಕಟ್ಟಿಗೆ ಬಿಗಿಯುವ ಬೋಲ್ಟುಗಳೆಂದು, ರೇಡಿಯೇಟರು ಸೋರಿ, ಬೆಸುಗೆ ಹಾಕಿಸಿಕೊಂಡು ಬಂದು, ಅವಕ್ಕಾಗಿ ಗೋಡೆಗೆ ಆತುಕೊಂಡು ಕಾಯುತ್ತಿದೆಯೆಂದು ಮಗ ಮರುದಿನ ಹೇಳಿದಾಗ ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದ್ದಳು.

"ಇಟ್ಟ ಕಬ್ಬಣ ಹದಿಮೂರ ದಿನ ಅಳ್ಳಾಡ್ಸಬಾರ್ದು. ತೊಟ್ಟಿಲಾಗಿ ಬಾಣಂತಿ ಮಂಚಾ ಇಳದ ಮ್ಯಾಲ ತಗೊ."

"ಬ್ಯಾರೆ ಕಬ್ಬಣ ಇಡೂಣಲಾ ಯವ್ವಾ. ಕಬ್ಬಣಕ್ಕ ಕಬ್ಬಣ."

"ಹಂಗಾರ ನಿನ್ನ ಗಾಡಿಗಿ ಬ್ಯಾರೆ ಕಬ್ಬಣ ಹಾಕೊ. ಕಬ್ಬಣಕ್ಕ ಕಬ್ಬಣ."

ಹದಿಮೂರು ದಿನ ತಡೆದರೆ ಆಗುವುದೇನು ಎಂದು ಹೆಂಡತಿ ಸಾವಂತ್ರೆವ್ವ ಕೇಳಿದ್ದಳು. ಮಿರಗದ ಮಳೆ ಇನ್ನೂ ಬಿದ್ದಿರಲಿಲ್ಲ, ಹೊಲ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಆಗುವುದೇನೆಂದು ಅವಳಿಗೂ ಗೊತ್ತಿತ್ತು, ಅವನ ಬಾಯಿಂದ ಕೇಳುವ ಸಂತೋಷಕ್ಕಾಗಿ ಕೇಳಿದ್ದಳು. ಹೋದ ವರ್ಷ ಮಗಳ ಮದುವೆಯ ಪಂಕ್ತಿಯಲ್ಲಿ, ಮೂರನೆಯ ಹೋಳಿಗೆಯ ಹುಮ್ಮಸ್ಸಿನಲ್ಲಿ, ಲಗಮಪ್ಪ ನೂರು ಜನರೆದುರು ಬೀಗರ ಕೈ ಹಿಡಿದು ಹೇಳಿದ್ದ: 'ಮೊಮ್ಮಕ್ಕಳ ತೊಟ್ಟಿಲಕ್ಕ ನೀವು ಬರೂ ದಿನ ಮೂಡಲಗಿ ಬಸ್ ಸ್ಟ್ಯಾಂಡಿಗಿ ನನ್ನ ಟ್ರ್ಯಾಕ್ಟರ್ ಬಂದ ನಿಂತಿರತೈತಿ.' ನಾಳೆ ಹದಿಮೂರನೆಯ ದಿನ. ಬೀಗರು ಮೂಡಲಗಿಗೆ ಇಳಿಯುವುದು ಬೆಳಿಗ್ಗೆ ಒಂಬತ್ತಕ್ಕೆ. ತೊಟ್ಟಿಲು ಕಟ್ಟಿ, ಹೆಸರಿಟ್ಟು, ಮಂಚ ಸರಿಸಿ, ಬೋಲ್ಟು ಕೈಗೆ ಸಿಗುವುದು ಮಧ್ಯಾಹ್ನ ಹನ್ನೆರಡಕ್ಕೆ. ನಡುವೆ ಮೂರು ತಾಸು. ಆ ಮೂರು ತಾಸಿನ ಮರ್ಯಾದೆಗಾಗಿ ಅವನು ಎಂಟು ದಿನದಿಂದ ಮೂರು ಊರು ಸುತ್ತುತ್ತಿದ್ದ.

ಮೊದಲು ಮೂಡಲಗಿಯ ಕಮ್ಮಾರ ರಾಯಪ್ಪನ ಕುಲುಮೆ. ರಾಯಪ್ಪ, ಕಡ್ಡಿ ಬಡಿದು ಕೊಡುತ್ತೇನೆ, ತಲೆಯನ್ನೂ ಮಾಡಿಕೊಡುತ್ತೇನೆ, ಆದರೆ ಅದರ ಮೈಮೇಲಿನ ಸುತ್ತು ಕೊರೆಯುವ ಸಾಮಾನು ನನ್ನ ಹತ್ತಿರವಿಲ್ಲ ಎಂದ. ಗೋಕಾಕಕ್ಕೆ ಹೋಗು, ಆದರೆ ಮಾದರಿಗೊಂದು ಹಳೆಯದನ್ನು ಒಯ್ಯಿ ಎಂದ. ಹಳೆಯದು ಮಂಚದ ಕೆಳಗೆ. ಆ ದಿನ ಸಂಜೆ ಸಾವಂತ್ರೆವ್ವ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟಿನ ಒಂದು ಮುದ್ದೆಯನ್ನು ನೋಡುತ್ತ ಲಗಮಪ್ಪನಿಗೆ ಹೊಳೆಯಿತು. ಬೋಲ್ಟನ್ನು ಅಲುಗಿಸಬೇಕಾಗಿಲ್ಲ, ಮಂಚದ ಕಾಲಿನಾಚೆ ಚಾಚಿಕೊಂಡ ಅದರ ತುದಿಗೆ ಹಿಟ್ಟು ಒತ್ತಿದರೆ ಸುತ್ತುಗಳ ಗುರುತು ಹಾಗೇ ಬೀಳುತ್ತದೆ. ಇಂಥ ಬುದ್ಧಿ ತನಗೆ ಬಂದದ್ದಕ್ಕೆ ತಾನೇ ಬೆರಗಾಗಿ ಹೆಂಡತಿಗೆ ಹೇಳಿದ. ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ, "ನೀವ ಹೋಗಿ ಒತ್ಕೊಂಡ ಬರ್ರಿ. ಐದನೇ ದಿನದ ಪೂಜಿ ಆತು, ಗಂಡಸರು ಒಳಗ ಹೋಗಬೌದು. ಹಂಗ ಕೂಸಿನ ಮಾರಿನೂ ನೋಡಿದಂಗ ಆತು" ಎಂದಳು. ಲಗಮಪ್ಪ ಮೈಯೆಲ್ಲ ಧೂಳಾಗಿದೆ ಎಂದ. ಜಳಕ ಮಾಡ್ರಿ ಎಂದಳು. ಎಮ್ಮೆಗೆ ನೀರು ಕುಡಿಸಬೇಕು ಎಂದು ಎದ್ದು ಹೋದ. ಎಮ್ಮೆಗೆ ಆಗಷ್ಟೇ ನೀರು ಕುಡಿಸಿ ಆಗಿತ್ತು. ಅದೂ ಅವನನ್ನು ಹೆಂಡತಿಯ ಹಾಗೆಯೇ ನೋಡಿತು. ತಿರುಗಿ ಬಂದಾಗ ಹಿಟ್ಟಿನ ಅಚ್ಚು ತಟ್ಟೆಯಲ್ಲಿ ಸಿದ್ಧವಾಗಿತ್ತು.

ಗೋಕಾಕ ಮುಟ್ಟುವಷ್ಟರಲ್ಲಿ ಬಸ್ಸಿನ ಬಿಸಿಲಿಗೆ ಆ ಅಚ್ಚು ಒಣಗಿ, ಬಿರಿದು, ಕರವಸ್ತ್ರದಲ್ಲಿ ಎರಡು ಹೋಳಾಗಿತ್ತು. ಅಂಗಡಿಯ ಆದಿನಾಥ ಸಾವಕಾರ ಅದನ್ನು ಅಂಗೈಯಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಇಳಿಸಿ, ಗಿರಾಕಿಗಳೆಲ್ಲ ಕೇಳುವ ಹಾಗೆ, "ರೊಟ್ಟಿ ತಂದೀರಿ, ಪಲ್ಯಾ ಮರತ ಬಂದಿರೇನ್ರಿ?" ಎಂದಿದ್ದ. ಎಲ್ಲರೂ ನಕ್ಕರು. ಮಾನ ಹೋಗಬಾರದೆಂದು ಲಗಮಪ್ಪನೂ ನಕ್ಕ, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕು, ಕಡೆಗೆ ಅಂಗಡಿಯಲ್ಲಿ ತನ್ನ ನಗೆಯೊಂದೇ ಉಳಿದಾಗ ನಿಲ್ಲಿಸಿದ. ಸಾವಕಾರ ಹಿಟ್ಟಿನ ಮೇಲಿನ ಗೆರೆ ಎಣಿಸಲು ನೋಡಿದ. ಉಗುರು ತಾಗಿದಲ್ಲಿ ಗೆರೆ ಉದುರಿತು. ಅರ್ಧ ಇಂಚಿನದು ಎಲ್ಲಿಯಾದರೂ ಅರ್ಧ ಇಂಚಿನದೇ ಎಂದು ನಾಲ್ಕು ಬೋಲ್ಟು ಕಟ್ಟಿಕೊಟ್ಟ.

ಅವು ಚೌಕಟ್ಟಿನ ತೂತಿನಲ್ಲಿ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಬೆಣ್ಣೆಯ ಹಾಗೆ ಒಳಗೆ ಹೋದವು. ಆಗ ಲಗಮಪ್ಪ ತಲೆಯೆತ್ತಿ ಸುತ್ತ ನೋಡಿದ, ಯಾರಾದರೂ ನೋಡುತ್ತಿರಬೇಕಿತ್ತು ಎನ್ನಿಸಿತು. ನಾಲ್ಕನೆಯ ಸುತ್ತಿಗೆ ಬೋಲ್ಟು ನಿಂತಿತು. ಬೋಲ್ಟು ತಿರುಗಿಸುವ ಪಾನಾಕ್ಕೆ ಕೊಳವೆ ಸಿಕ್ಕಿಸಿ, ಕಾಲು ಕೊಟ್ಟು ಜಗ್ಗಿದ. ಕಬ್ಬಿಣ ಕಿರ್ರೆಂದಿತು. ಆ ಸದ್ದಿಗೆ ಒಳಗೆ ಮಲಗಿದ್ದ ಕೂಸು ಎದ್ದು ಕಿರುಚಿಕೊಂಡಿತು, ಹಿಂದೆಯೇ ರಾಯವ್ವನ ಬೈಗುಳ. ಅವನು ಪಾನಾ ನೆಲಕ್ಕಿಟ್ಟು ಉಸಿರು ಹಿಡಿದು ಕೂತ. ಕೂಸಿನ ಅಳು ನಿಲ್ಲುವ ತನಕ ತನ್ನನ್ನೇ ಯಾರೋ ಹೆಸರು ಹಿಡಿದು ಕೂಗುತ್ತಿದ್ದ ಹಾಗಿತ್ತು.

ಕೂಸು ಹುಟ್ಟಿದ್ದು ಎತ್ತಿನ ಗಾಡಿಯಲ್ಲಿ. ಬೇನೆ ಹತ್ತು ದಿನ ಮೊದಲೇ ಬಂತು. ಹೆರಿಗೆ ಆಗುವ ತನಕ ಟ್ರ್ಯಾಕ್ಟರ್ ಬಿಚ್ಚಬೇಡ್ರಿ ಎಂದು ಸಾವಂತ್ರೆವ್ವ ಹೇಳಿದ್ದಳು, ಹೇಳಿದ ಮರುದಿನವೇ ಅವನು ಬಿಚ್ಚಿದ್ದ. ಎತ್ತುಗಳನ್ನು ಮಾರಿಯೇ ಟ್ರ್ಯಾಕ್ಟರ್ ತಂದದ್ದರಿಂದ ಮೂಡಲಗಿಯ ನರ್ಸಬಾಯಿಯ ತನಕ ಮಗಳನ್ನು ಒಯ್ಯಲು ನೆರೆಯ ಕರೆಪ್ಪನ ಗಾಡಿಯೇ ಬೇಕಾಯಿತು. 'ಇನ್ನ ಎತ್ತಿನ ಕಾಲ ಮುಗೀತು ಕರೆಪ್ಪಾ' ಎಂದು ಅವನಿಗೆ ದಿನಾ ಹೇಳುತ್ತಿದ್ದವನು ಲಗಮಪ್ಪನೇ. ಕರೆಪ್ಪ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೂರು ಮೈಲಿ ದಾಟಿರಲಿಲ್ಲ, ಬೇವಿನ ಮರದ ಹತ್ತಿರ ರಾಯವ್ವ ಗಾಡಿ ನಿಲ್ಲಿಸು ಎಂದಳು, ಗಂಡಸರನ್ನು ಆಚೆ ಅಟ್ಟಿದಳು, ಗಾಡಿಗೆ ಸೀರೆ ಕಟ್ಟಿಸಿದಳು. ಲಗಮಪ್ಪ ಹೊಲದ ಕಡೆ ಮುಖ ಮಾಡಿ ನಿಂತ. ಬೆನ್ನ ಹಿಂದೆ ಮಗಳು, ಅವನು ಬೆನ್ನ ಮೇಲೆ ಹೊತ್ತು ಸಾಲೆಗೆ ಬಿಟ್ಟು ಬರುತ್ತಿದ್ದ ತಾಯವ್ವ, ಹಲ್ಲು ಕಚ್ಚಿ ಮುಲುಗುತ್ತಿದ್ದಳು. ಆ ಹೊತ್ತಿನಲ್ಲಿ ತಂದೆಯಾದವನ ತಲೆಯಲ್ಲಿ ಇದ್ದದ್ದು ದೇವರಲ್ಲ, ಮಗಳಲ್ಲ. ಹಿತ್ತಲ ಕಟ್ಟೆಯ ಮೇಲೆ ಚಿಮಣಿ ಎಣ್ಣೆಯಲ್ಲಿ ನೆನೆಹಾಕಿದ ಬೋಲ್ಟುಗಳ ಬಟ್ಟಲು. ಅದನ್ನು ಮುಚ್ಚಿ ಬಂದೆನೋ ಇಲ್ಲವೋ, ಕೋಳಿಗಳು ಉರುಳಿಸಿದರೆ ಒಂದಾದರೂ ಬಚ್ಚಲ ಮೋರಿಗೆ ಬಿದ್ದೀತಲ್ಲ ಎಂದು ಅವನು ಚಿಂತೆ ಮಾಡುತ್ತಿದ್ದಾಗ ಹಿಂದಿನಿಂದ ಕೂಸಿನ ಮೊದಲ ಅಳು ಕೇಳಿಸಿತು. ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲದ್ದನ್ನು ಹೊತ್ತುಕೊಂಡು ಆ ಕೋಣೆಯ ಹೊಸ್ತಿಲು ದಾಟುವುದು ಹೇಗೆ? ಮಗಳು ಮುಖ ನೋಡುತ್ತಾಳೆ. ಸಣ್ಣವಳಿದ್ದಾಗಲೇ ಅವಳು ಮುಖ ನೋಡಿ ಎಲ್ಲ ಹೇಳಿಬಿಡುತ್ತಿದ್ದಳು, ಪೇಟೆಯಿಂದ ಬಂದ ಅಪ್ಪ ಯಾವ ಜೇಬಿನಲ್ಲಿ ಫುಟಾಣಿ ಮುಚ್ಚಿಟ್ಟಿದ್ದಾನೆಂದು.

"ಇಳೀರಿ, ಹುಕ್ಕೇರಿ, ಹುಕ್ಕೇರಿ!" ಎಂದು ಕಂಡಕ್ಟರ್ ಕೂಗಿದ. ಮುದುಕಿ ಇಳಿಯುವಾಗ ಇನ್ನೊಂದು ಲವಂಗವನ್ನು ಅವನ ಕೈಯಲ್ಲಿಟ್ಟಳು.

ಸಂತೆಯ ಬಯಲು ದಾಟಿದರೆ ಜಿನಪ್ಪನ ಮನೆ. ಟ್ರ್ಯಾಕ್ಟರನ್ನು ಲಗಮಪ್ಪನಿಗೆ ಮಾರಿದವನು ಇವನೇ. ಯುದ್ಧ ಮುಗಿದ ಮೇಲೆ ಪುಣೆಯ ಲಿಲಾವಿನಲ್ಲಿ ಸವಾಲು ಕೂಗಿ ಒಂದೇ ಜಾತಿಯ ಎರಡು ಅಮೇರಿಕನ್ ಟ್ರ್ಯಾಕ್ಟರುಗಳನ್ನು ತಂದಿದ್ದ. ಒಂದು ಕೌಜಲಗಿಗೆ ಹೋಯಿತು, ಇನ್ನೊಂದು ಹಿತ್ತಲಲ್ಲಿ ನಿಂತು ಹೀರೇಬಳ್ಳಿಗೆ ಚಪ್ಪರವಾಯಿತು. ಇಲ್ಲಿಗೆ ಮೊದಲೇ ಬರಬಹುದಿತ್ತು. ಆದರೆ ಮಾರುವ ದಿನ ಜಿನಪ್ಪ, 'ನಡಸಾಕ ಬರತೈತೆನ್ರಿ? ತಿಂಗಳಾ ನಮ್ಮಲ್ಲೇ ಇದ್ದು ಕಲ್ತ ಹೋಗ್ರಿ' ಎಂದಾಗ ಲಗಮಪ್ಪ, 'ಎತ್ತಿಗಿಂತಾ ಹೆಚ್ಚೇನೈತ್ರಿ ಅದರಾಗ?' ಎಂದುಬಿಟ್ಟಿದ್ದ. ಈಗ ಜೇಬಿನ ಬೋಲ್ಟನ್ನು ತೆಗೆದು ಅವನ ಮುಂದೆ ಇಟ್ಟ. ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತು ಲವಂಗದ ಜೊತೆ ನಾಲಿಗೆಗೆ ಅಂಟಿಕೊಂಡಿತ್ತು.

ಜಿನಪ್ಪ ಬೋಲ್ಟನ್ನು ಬೆರಳಲ್ಲಿ ತಿರುಗಿಸಿದ. "ಮೂರ ಸುತ್ತ ಹೋತು, ನಾಕನೇದಕ್ಕ ನಿಂತ್ತು. ಹೌದಿಲ್ರಿ?"

"ಹೌದ್ರಿ."

"ಇದು ಇಂಗ್ಲಂಡ್ ಬೋಲ್ಟ. ಇಂಚಿಗಿ ಹನ್ನೆರಡ ಸುತ್ತು. ನಿಮ್ಮ ಗಾಡಿ ಅಮೇರಿಕಾದ್ದು, ಅದಕ್ಕ ಹದಿಮೂರು. ಒಂದ ಸುತ್ತಿಂದ ಫರಕ. ಮೊದಲ ಬೀಗರಂಗ ನಕ್ಕೋತ ಒಳಗ ಹೋಗತೈತಿ, ಆಮ್ಯಾಲ ಜಗಳಾ ತಗೀತೈತಿ." ತನ್ನ ಮಾತಿಗೆ ತಾನೇ ಖುಷಿಯಾಗಿ ತೊಡೆ ತಟ್ಟಿಕೊಂಡ. "ನಿಮ್ಮ ಬೀಗರು ಮೊನ್ನೆ ಸಂತ್ಯಾಗ ಸಿಕ್ಕಿದ್ರು ನೋಡ್ರಿ. ನಮ್ಮ ಮೊಮ್ಮಗಳು ಹುಟ್ಟತಾನ ಎತ್ತಿನ ಗಾಡಿ ಹೊಡಕೊಂಡ ಬಂದಾಳ ಅಂತ ಸಂತಿಗೆಲ್ಲಾ ಹೇಳಾಕತ್ತಿದ್ರು."

ಲಗಮಪ್ಪನ ಕಿವಿ ಬಿಸಿಯಾದವು. ಹಾಗಾದರೆ ಟ್ರ್ಯಾಕ್ಟರು ಬಿಚ್ಚಿ ಬಿದ್ದದ್ದು ಬೀಗರಿಗೆ ಗೊತ್ತಿದೆ. ಸಂತೆಗೆ ಗೊತ್ತಿದೆ. ಬಾಗೇವಾಡಿಯಲ್ಲಿ ಟವಲು ಮುಚ್ಚಿಕೊಂಡ ಮುಖವನ್ನು ನೆನೆದು ಅವನಿಗೆ ಇನ್ನೊಮ್ಮೆ ಮುಚ್ಚಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಜಿನಪ್ಪನ ಹೆಂಡತಿ ರಾಜಮತಿ ನೀರಿನ ತಂಬಿಗೆ, ಬೆಲ್ಲ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಕೂಸು ಯಾರಂಗ ಐತ್ರಿ ಅಣ್ಣಾರ?"

"ನಮ್ಮ ಅವ್ವನಂಗ ಐತ್ರಿ," ಎಂದ.

"ಬಣ್ಣಾ?"

"ಬಣ್ಣಾ... ಗೋದಿ ಬಣ್ಣಾರಿ."

"ತಲ್ಯಾಗ ಕೂದಲಾ ಭಾಳ ಅದಾವೇನ್ರಿ?"

ಲಗಮಪ್ಪ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡ. ಕೂದಲು ಇದೆಯೋ ಇಲ್ಲವೋ. ಅಳು ಗೊತ್ತಿತ್ತು, ಅದರಲ್ಲಿ ಹಸಿವಿನದು ಯಾವುದು, ಸಿಟ್ಟಿನದು ಯಾವುದು ಎಂದು ಗೋಡೆಯಾಚೆಯಿಂದಲೇ ಗೊತ್ತಾಗುತ್ತಿತ್ತು. ಬೆಳಗಿನ ಜಾವ ಸೀನುತ್ತದೆ ಎನ್ನುವುದೂ ಗೊತ್ತಿತ್ತು. ಕೂದಲು ಗೊತ್ತಿರಲಿಲ್ಲ. ಯಾರಿಗೂ ತಿಳಿಯದ ತಪ್ಪೊಂದನ್ನು ಮುಚ್ಚಲು ಹೋಗಿ, ಇಗೋ ಈ ಪರವೂರಿನ ಹೆಣ್ಣುಮಗಳ ಮುಂದೆ ಎಲ್ಲರಿಗೂ ಕಾಣುವ ತಪ್ಪೊಂದನ್ನು ಮಾಡಿಕೊಂಡು ಕೂತಿದ್ದ. "ಟೊಪ್ಪಿಗಿ ಹಾಕಿರತಾರ್ರಿ," ಎಂದ. ರಾಜಮತಿ ಅವನನ್ನೇ ನೋಡಿದಳು, ನಕ್ಕಳು, ಮತ್ತೇನೂ ಕೇಳದೆ ಒಳಗೆ ಹೋದಳು. ಕೇಳಿದ್ದರೇ ಚೆನ್ನಾಗಿತ್ತು.

ಜಿನಪ್ಪ ಹಿತ್ತಲಿಗೆ ಕರೆದೊಯ್ದು ಹೀರೇಬಳ್ಳಿ ಸರಿಸಿ ತೋರಿಸಿದ. ಬಳ್ಳಿಯ ಕತ್ತಲಲ್ಲಿ ಸತ್ತ ಟ್ರ್ಯಾಕ್ಟರಿನ ರೇಡಿಯೇಟರು, ಅದರ ಬುಡದಲ್ಲಿ ನಾಲ್ಕು ಬೋಲ್ಟು, ಹದಿಮೂರು ಸುತ್ತಿನವು. "ತಗೋರಿ. ಬಿಚ್ಚೂದು ಮಾತ್ರ ನಿಮ್ದ. ಎತ್ತಿಗಿಂತಾ ಹೆಚ್ಚೇನೈತಿ ಅದರಾಗ?" ಎಂದು ಪಾನಾ ಕೈಗಿಟ್ಟು ಕಟ್ಟೆಯ ಮೇಲೆ ಕೂತ. ಲಗಮಪ್ಪ ಬೆನ್ನ ಮೇಲೆ ಮಲಗಿ ಎರಡು ತಾಸು ಗುದ್ದಾಡಿದ. ತುಕ್ಕಿಗೆ ಎಣ್ಣೆ ಬಿಟ್ಟ, ಕಾಯ್ದ, ಹಗೂರ ಬಡಿದ, ಮತ್ತೆ ಕಾಯ್ದ. ಹೂವಿನ ಹುಡಿ ಮೂಗಿಗೂ, ಹಳೆಯ ಗ್ರೀಸು ಮೊಣಕೈಯ ತನಕವೂ ಹತ್ತಿತು. ಮೂರು ಬಂದವು. ನಾಲ್ಕನೆಯದರ ತಲೆ ಪಾನಾದಲ್ಲೇ ಮುರಿದು, ಮೈ ಒಳಗೇ ಉಳಿಯಿತು. ಲಗಮಪ್ಪ ಬಳ್ಳಿಯ ಕೆಳಗೆ ಮಲಗಿದಲ್ಲೇ ಆ ತಲೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದ. ನಗು ಬಂತು. ಯಾಕೆಂದು ತಿಳಿಯಲಿಲ್ಲ.

"ಮೂರರ ಮ್ಯಾಲೂ ನಿಂದರತೈತ್ರಿ. ಮೂಡಲಗಿ ತನಕಾ ಹೋಗಿ ಬರಾಕೇನೂ ಅಡ್ಡಿಲ್ಲಾ," ಎಂದ ಜಿನಪ್ಪ. ಬಸ್ಸಿಗೆ ಹೊತ್ತಾಗಿತ್ತು. ಕೈ ತೊಳೆಯಲು ರಾಜಮತಿ ಬೂದಿ, ಸೀಗೆಪುಡಿ ಎರಡೂ ಕೊಟ್ಟಳು. ಗ್ರೀಸು ಕಪ್ಪಿನಿಂದ ಇನ್ನೂ ಮಿರುಗುವ ಕಪ್ಪಾಯಿತು, ಅಷ್ಟೆ.

ಮೂಡಲಗಿಯಲ್ಲಿ ಬಸ್ಸಿಳಿದು ಕೌಜಲಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಟ್ರ್ಯಾಕ್ಟರು ಬಾಯಿ ತೆರೆದುಕೊಂಡು ಅಂಗಳದಲ್ಲಿ ನಿಂತಿತ್ತು. ಅರ್ಧ ತಾಸಿನ ಕೆಲಸ, ಕಂದೀಲು ಹಿಡಿದರೆ ಈಗಲೇ ಆದೀತು. ಲಗಮಪ್ಪ ಅದರ ಕಡೆ ಹೊರಟವನು ಬಾಜೂ ಕೋಣೆಯ ಕಿಟಕಿ ದಾಟುವಾಗ ಒಳಗಿನಿಂದ ಮಗಳ ದನಿ ಬಂತು.

"ಅಪ್ಪಾ, ಸಿಕ್ಕುವೇನು?"

"ಮೂರ ಸಿಕ್ಕುವು, ತಾಯವ್ವಾ."

"ಹನ್ನೆರಡ ದಿನ ಆತು. ಮೂರ ಬೋಲ್ಟಿಗೆ ಮೂರೂರ ತಿರಗಿದಿ. ಇಲ್ಲಿ ಮೂರ ಹೆಜ್ಜಿ ಬರಾಕ ಆಗಲಿಲ್ಲಾ ನಿನಗ?"

ದನಿಯಲ್ಲಿ ಸಿಟ್ಟಿತ್ತು. ಅವನು ಅಂಜಿಕೊಂಡಿದ್ದ ಸಿಟ್ಟು ಇದಾಗಿರಲಿಲ್ಲ, ಇದು ಬೇರೆಯೇ. ಲಗಮಪ್ಪ ಚಪ್ಪಲಿ ಬಿಟ್ಟ, ಕಾಲು ತೊಳೆದ, ಹೊಸ್ತಿಲ ಮೇಲೆ ನಿಂತ. ಅಗ್ಗಿಷ್ಟಿಕೆಯ ಹೊಗೆ, ಬಜೆಯ ವಾಸನೆ. ಹಾಸಿಗೆಯ ಮೇಲೆ ತಾಯವ್ವ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಥೇಟ್ ಸಾಲೆಯ ಹುಡುಗಿ.

"ತಾಯವ್ವಾ, ಅವತ್ತ ಗಾಡಿ ಹಂತ್ಯಾಕ ನಿಂತಾಗ ನನ್ನ ತಲ್ಯಾಗ ಏನಿತ್ತಂದ್ರ..."

"ಎಣ್ಣಿ ಬಟ್ಟಲಾ," ಎಂದಳು ಮಗಳು.

ಅವನು ಹೊಸ್ತಿಲು ದಾಟಿ ಒಳಗೆ ಬಂದ.

"ಮುಚ್ಚಿ ಬಂದೆನೋ ಇಲ್ಲೋ, ಮುಚ್ಚಿ ಬಂದೆನೋ ಇಲ್ಲೋ ಅಂತ ಕರೆಪ್ಪ ಕಾಕಾನ್ನ ನಾಕ ಸರ್ತಿ ಕೇಳಿದಿ. ದೊಡ್ಡದನೀಲೆ, ನಿನಗ ಖಬರ ಇಲ್ಲದಂಗ. ಕಾಕಾ, ನಾ ನಿಮ್ಮ ಮನಿಯಾಗ ಇದ್ದೆನೇನೋ ಮಾರಾಯಾ ಅಂದಾ. ನನ್ನ ಹಂತ್ಯಾಕ ಕುಂತಿದ್ದ ಆಯಿ ಬೈಯಾಕ ಹತ್ತಿದ್ಲು. ನನಗ ಅಂಥಾ ನೋವಿನ್ಯಾಗೂ ನಗಿ ಬಂದಬಿಡ್ತು. ಆ ನಗಿಗೇ ಇಕಿ ಹೊರಗ ಬಂದ್ಲು." ಅವಳು ಈಗಲೂ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು, ನೋವಿಗೆ ಮುಖ ಕಿವುಚುತ್ತ. "ತಗೊ, ಎತ್ಕೊ."

"ಕೈ ಮಸಿಯಾಗೇತಿ."

"ಇನ್ನ ಎಮ್ಮಿಗಿ ನೀರ ಕುಡಸೂದೈತಿ ಅನ್ನು. ಎತ್ಕೊ ಅಂದ್ರ ಎತ್ಕೊ."

ಮಂಚದ ಬಳಿ ನೆಲಕ್ಕೆ ಕೂತು ಎತ್ತಿಕೊಂಡ. ಬೆಚ್ಚಗಿನ, ಅಂದುಕೊಂಡದ್ದಕ್ಕಿಂತ ಹಗುರಾದ, ಅಂದುಕೊಂಡದ್ದಕ್ಕಿಂತ ಬಿರುಸಾದ ಜೀವ. ತಲೆತುಂಬ ಕೂದಲು, ಹಣೆಯ ಮೇಲೂ ಇಳಿದಿತ್ತು. ಅದು ಒಂದು ಕಣ್ಣು ಮಾತ್ರ ತೆರೆದು ಅವನನ್ನು ನೋಡಿತು, ಈತ ಯಾರೆಂದು ಲೆಕ್ಕ ಹಾಕಿದ ಹಾಗೆ, ಹಾಕಿ ಬಿಟ್ಟ ಹಾಗೆ, ಮತ್ತೆ ಮುಚ್ಚಿತು. ಕತ್ತು ಜಾರೀತೆಂದು ಅವನು ಕೈ ಸರಿಸಿ ಹಿಡಿದಾಗ ಹೆಬ್ಬೆರಳು ಕೂಸಿನ ಗಲ್ಲಕ್ಕೆ ತಾಗಿ ಉದ್ದಕ್ಕೆ ಕಪ್ಪು ಬಳಿಯಿತು.

ಕಾಡಿಗೆಯ ಡಬ್ಬಿ ಹಿಡಿದು ಆಗಷ್ಟೇ ಒಳಗೆ ಬಂದ ರಾಯವ್ವ ಅದನ್ನು ನೋಡಿ ನಿಂತಳು. ಬೈಯಲು ಉಸಿರು ತುಂಬಿಕೊಂಡಳು. ಕೂಸಿನ ಗಲ್ಲ ನೋಡಿದಳು, ಮಗನ ಮುಖ ನೋಡಿದಳು, ಆಮೇಲೆ ಡಬ್ಬಿಯ ಮುಚ್ಚಳವನ್ನು ತಿರುಗಿ ಮುಚ್ಚಿದಳು.

"ಇರ್ಲಿ ಬಿಡು. ಇವತ್ತಿನ ದೃಷ್ಟಿ ಬೊಟ್ಟ ಅಜ್ಜಾನ ಹಚ್ಚಿದಂಗ ಆತು."

ಅಂಗಳದಿಂದ ಕರೆಪ್ಪನ ಕೂಗು ಕೇಳಿಸಿತು. "ಲಗಮಣ್ಣಾ, ಬಂದೆಲ್ಲೋ? ಕಂದೀಲಾ ಹಿಡೀಲಿ ಏನು? ಮುಂಜಾನೆ ಬೀಗರ್ನ ಕರಿಯಾಕ ನಿಂದ ಗಾಡಿಯೋ, ನಂದ ಗಾಡಿಯೋ?"

ಕೂಸು ಅವನ ಕಪ್ಪು ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಬಿಡಿಸಿಕೊಳ್ಳಬಹುದಿತ್ತು.

"ನಿಂದ ಹೂಡೋ ಕರೆಪ್ಪಾ," ಎಂದು ಲಗಮಪ್ಪ ಕೂತಲ್ಲಿಂದಲೇ, ಸಣ್ಣ ದನಿಯಲ್ಲಿ ಹೇಳಿದ.